ಹುಳು ಮೇಯುವ ಸದ್ದಿಗೆ ಎರಡು ಕಿವಿ

ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಕಾಲು ಗಂಟೆ ಸುಮ್ಮನೆ ನಿಂತರೆ ಹುಳುಮನೆಯೊಳಗೆ ಮಳೆ ಹಿಡಿಯುತ್ತದೆ. ಶಿಡ್ಲಘಟ್ಟದ ಸುತ್ತಮುತ್ತಲಿನವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಶೀಟಿನ ಮೇಲೆ ಬಡಿಯುವ ಮಳೆಯಲ್ಲ, ಒಣ ತರಗೆಲೆಯ ಮೇಲೆ ಬೀಳುವ ಸೋನೆ. ನಾವು ‘ಒಂದು ಮೊಟ್ಟೆ’ ಎನ್ನುವುದು ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆಗಳನ್ನು, ಅಂದರೆ ಸುಮಾರು 400ರಿಂದ 500. ಚಿಕ್ಕಪ್ಪ ಬೆಳೆಗೆ 150 ಮೊಟ್ಟೆ ಇಳಿಸುತ್ತಾರೆ. ಅರವತ್ತು ಸಾವಿರಕ್ಕೂ ಹೆಚ್ಚು ಬಾಯಿಗಳು ಒಟ್ಟಿಗೆ ಹಿಪ್ಪುನೇರಳೆ ಎಲೆಯ ಅಂಚನ್ನು ಕತ್ತರಿಸುತ್ತಿರುವಾಗ ಹುಟ್ಟುವ ಸದ್ದು ಅದು.

ಅದನ್ನು ಮೊಬೈಲಿನಲ್ಲಿ ಹಿಡಿಯಲು ಹಲವು ಬೆಳೆಗಳಿಂದ ಒದ್ದಾಡಿದ್ದೇನೆ. ಮೊಬೈಲಿನ ಮೈಕ್ ಇರುವುದು ಮನುಷ್ಯರ ಮಾತಿಗೆ. ಒಂದೇ ಸಮನೆ ಸುರಿಯುವ ಸದ್ದನ್ನು ಅದರ ಸಾಫ್ಟ್‌ವೇರ್ ಗದ್ದಲವೆಂದು ತಿಳಿದು ಗುಡಿಸಿಹಾಕುತ್ತದೆ. ನಡುವೆ ನಾನು ಕೆಮ್ಮಿದ್ದು ಮಾತ್ರ ಚೆನ್ನಾಗಿ ಬಂದಿರುತ್ತದೆ.

ನನ್ನದು ಶಿಡ್ಲಘಟ್ಟದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕಳೆದ ವರ್ಷ ಒಬ್ಬರು ವಿಚಿತ್ರವಾದ ಇಯರ್‌ಫೋನ್ ತಂದುಕೊಟ್ಟರು. ನೋಡಲು ಎಲ್ಲ ಇಯರ್‌ಫೋನ್‌ಗಳಂತೆಯೇ ಇದೆ, ಆದರೆ ಎರಡೂ ಬದಿಯ ಹೊರಮೈಯಲ್ಲಿ ಸಣ್ಣ ಜಾಲರಿ, ಜಾಲರಿಯ ಹಿಂದೆ ಒಂದೊಂದು ಮೈಕ್. ತಂತಿಯ ತುದಿ ಕವಲೊಡೆದು ಎರಡು ಪಿನ್‌ಗಳಾಗಿದೆ: ಒಂದು ಕೇಳಲು, ಇನ್ನೊಂದು ರೆಕಾರ್ಡ್ ಮಾಡಲು. ಎಡಗಡೆಯ ಮೈಕ್ ಸತ್ತಿತ್ತು. ರಿಪೇರಿಯ ದರ ಕೇಳಿದವರು ಮುಖ ಸಿಂಡರಿಸಿಕೊಂಡು, “ನೀವೇ ಇಟ್ಟುಕೊಳ್ಳಿ, ಏನಾದರೂ ಕೊಡಿ” ಎಂದರು. ಇನ್ನೂರು ರೂಪಾಯಿ ಕೊಟ್ಟೆ. ಕಂಪನಿಯ ಹೆಸರು ಇಲ್ಲಿ ಬೇಡ. ವರ್ಷಗಟ್ಟಲೆ ಜೇಬಿನಲ್ಲಿ ಸುತ್ತಿಟ್ಟರೆ ಯಾರ ತಂತಿಯೂ ತುಂಡಾಗುತ್ತದೆ.

ತುಂಡಾದದ್ದು ಎಡಗಿವಿಯ ಬುಡದಲ್ಲಿ. ಇಯರ್‌ಫೋನ್ ತಂತಿಯನ್ನು ಬಿಚ್ಚಿದವರಿಗೆ ಗೊತ್ತು, ಒಳಗಿರುವುದು ನೂಲಿಗೆ ಸುತ್ತಿದ ಕೂದಲೆಳೆಯಂಥ ತಾಮ್ರ, ಅದರ ಮೇಲೆ ಬಣ್ಣದ ಅರಗು. ಅರಗನ್ನು ಸುಟ್ಟು ತೆಗೆಯದಿದ್ದರೆ ಸೋಲ್ಡರ್ ಹಿಡಿಯುವುದಿಲ್ಲ. ಐರನ್ನಿನ ತುದಿಯಲ್ಲಿ ಸೋಲ್ಡರಿನ ಹನಿ ನಿಲ್ಲಿಸಿ, ಎಳೆಯನ್ನು ಅದರಲ್ಲಿ ಮೂರ್ನಾಲ್ಕು ಸೆಕೆಂಡು ಅದ್ದಿ ಎಳೆದರೆ ಬೆಳ್ಳಗಾಗಿ ಬರುತ್ತದೆ. ಕೆಟ್ಟ ಜಾಗವನ್ನು ಕತ್ತರಿಸಿ, ಮೂರು ಎಳೆಗಳನ್ನೂ ಮತ್ತೆ ಜೋಡಿಸಿ, ಹೀಟ್ ಶ್ರಿಂಕ್ ಟ್ಯೂಬ್ ಹಾಕಿದೆ. ಒಂದು ಸಂಜೆಯ ಕೆಲಸ. ಈ ಜೋಡಣೆಯೇ ಮುಂದೆ ನನ್ನ ತಲೆ ತಿನ್ನಲಿದೆ ಎಂದು ಆಗ ಗೊತ್ತಿರಲಿಲ್ಲ.

ಮೈಕಿನ ಪಿನ್ನನ್ನು ಮೊಬೈಲಿಗೆ ಚುಚ್ಚಿ ಉಪಯೋಗವಿಲ್ಲ. ಮೊಬೈಲಿನ ತೂತಿನಲ್ಲಿ ನಾಲ್ಕು ಸಂಪರ್ಕಗಳಿದ್ದರೂ ಮೈಕಿಗೆ ಮೀಸಲಾಗಿರುವುದು ಒಂದೇ. ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡುಗಳಲ್ಲಿಯೂ ಬಹುಪಾಲು ಇದೇ ಕಥೆ. ಎರಡು ಮೈಕ್‌ಗಳನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳುವ, ಜೊತೆಗೆ ಅದೇ ತೂತಿನಿಂದ ಮೈಕಿಗೆ ಎರಡು–ಮೂರು ವೋಲ್ಟ್ ಕೊಡುವ ರೆಕಾರ್ಡರ್ ಬೇಕು. ಈ ಸಣ್ಣ ಎಲೆಕ್ಟ್ರೆಟ್ ಮೈಕ್‌ಗಳ ಹೊಟ್ಟೆಯಲ್ಲಿ ಒಂದು ಟ್ರಾನ್ಸಿಸ್ಟರ್ ಇರುತ್ತದೆ, ಅದಕ್ಕೆ ಉಣ್ಣಲು ವೋಲ್ಟೇಜ್ ಕೊಡದಿದ್ದರೆ ಬಾಯಿ ಬಿಡುವುದಿಲ್ಲ. ಮದುವೆ ವಿಡಿಯೊ ಮಾಡುವ ಗೆಳೆಯನ ಬಳಿ ಅಂಥ ಪುಟ್ಟ ರೆಕಾರ್ಡರ್ ಇತ್ತು, 2.5 ವೋಲ್ಟ್ ಕೊಡುವಂಥದ್ದು. ಮುಹೂರ್ತಗಳಿಲ್ಲದ ದಿನ ನನಗೆ ಎಂದು ಒಪ್ಪಂದವಾಯಿತು. ಆಷಾಢದಲ್ಲಿ ಅದು ಪೂರ್ತಿ ನನ್ನದೇ.

ಮೊದಲ ಪರೀಕ್ಷೆಗೆ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಮಹಡಿಯ ಮೇಲೆ ನಿಂತೆ. ತಮ್ಮ ಎಡಗಡೆಯಿಂದ ಒಂದು ಚಪ್ಪಾಳೆ ತಟ್ಟಿದ. ಕಂಪ್ಯೂಟರಿನಲ್ಲಿ ಸದ್ದನ್ನು ಗೆರೆಯಾಗಿ ತೋರಿಸುವ ಆಡಾಸಿಟಿ ಸಾಫ್ಟ್‌ವೇರ್ ತೆರೆದು ಎರಡೂ ಗೆರೆಗಳನ್ನು ಹಿಗ್ಗಿಸಿ ನೋಡಿದರೆ, ಎಡಗಿವಿಗೆ ಚಪ್ಪಾಳೆ ಮುಟ್ಟಿ 31 ಸ್ಯಾಂಪಲ್‌ಗಳಾದ ಮೇಲೆ ಬಲಗಿವಿಗೆ ಮುಟ್ಟಿತ್ತು. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ಲೆಕ್ಕದಲ್ಲಿ ಅದು 0.65 ಮಿಲಿಸೆಕೆಂಡ್. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಹಾಗಾದರೆ ನನ್ನ ತಲೆಯನ್ನು ಬಳಸಿ ಬರುವ ಹೆಚ್ಚುವರಿ ದಾರಿ 22 ಸೆಂಟಿಮೀಟರ್. ಟೇಪು ಹಿಡಿದು ಅಳೆದೆವು. ಹೆಚ್ಚು ಕಡಿಮೆ ಅಷ್ಟೇ ಇತ್ತು. ನನ್ನ ತಲೆಯನ್ನು ಚಪ್ಪಾಳೆಯಿಂದ ಅಳೆದದ್ದಕ್ಕೆ ತಮ್ಮ ಬಿದ್ದು ಬಿದ್ದು ನಕ್ಕ.

ಬೈನೌರಲ್ ರೆಕಾರ್ಡಿಂಗ್, ಅಂದರೆ ಎರಡು ಕಿವಿಗಳ ಜಾಗದಿಂದ ಮಾಡುವ ರೆಕಾರ್ಡಿಂಗ್, ನಿಂತಿರುವುದೇ ಇಷ್ಟರ ಮೇಲೆ. ಒಂದು ಕಿವಿಗೆ ಸದ್ದು ತುಸು ಮೊದಲು ಬರುತ್ತದೆ. ದೂರದ ಕಿವಿಗೆ ತಲೆಯ ಮರೆ ಬೀಳುವುದರಿಂದ ಕೀಚಲು ಸದ್ದುಗಳು ಕುಗ್ಗುತ್ತವೆ. ಹೊರಕಿವಿಯ ಮಡಿಕೆಗಳು ಮೇಲಿನಿಂದ, ಹಿಂದಿನಿಂದ ಬರುವ ಸದ್ದಿಗೆ ಬೇರೆ ಬೇರೆ ಬಣ್ಣ ಬಳಿಯುತ್ತವೆ. ಇವೆಲ್ಲ ಕಿವಿಯ ತೂತಿನ ಬಾಯಿಗೆ ಬರುವ ಹೊತ್ತಿಗೆ ಸೇರಿಯಾಗಿರುತ್ತವೆ, ಆದ್ದರಿಂದ ಇಯರ್‌ಫೋನಿನ ಬುರುಡೆ ಆ ತೂತನ್ನು ಮುಚ್ಚಿದ್ದರೂ ನಷ್ಟವಿಲ್ಲ. ಅದೇ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಕೇಳುವವನು ನನ್ನ ಜಾಗದಲ್ಲಿ ನಿಂತಂತೆ. ಸ್ಪೀಕರಿನಲ್ಲಿ ಹಾಕಿದರೆ ಎಡಗಿವಿಯದು ಬಲಗಿವಿಗೂ ಸೋರಿ ಎಲ್ಲ ಕಲಸುಮೇಲೋಗರವಾಗುತ್ತದೆ. ವಿದ್ಯೆ ಹಳೆಯದು: 1881ರಲ್ಲಿ ಪ್ಯಾರಿಸ್‌ನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೇರ್ ಒಪೆರಾದ ವೇದಿಕೆಯಿಂದ ಟೆಲಿಫೋನ್ ತಂತಿ ಎಳೆದು, ಕಿವಿಗೊಂದರಂತೆ ಎರಡು ರಿಸೀವರ್ ಹಿಡಿಸಿ ಜನರಿಗೆ ಹಾಡು ಕೇಳಿಸಿದ್ದ. ಜರ್ಮನಿಯ ನೋಯ್ಮನ್ ಕಂಪನಿ ಈಗ ಇದಕ್ಕೆಂದೇ ಕಿವಿಗಳಿರುವ ಒಂದು ಕೃತಕ ತಲೆಯನ್ನು ಮಾರುತ್ತದೆ. ಅದರ ಬೆಲೆ ನೋಡಿದ ಮೇಲೆ ನನ್ನ ತಲೆಯ ಬಗ್ಗೆ ನನಗೆ ಗೌರವ ಹೆಚ್ಚಿತು.

ಆ ಬೆಳೆಗೆ ಹುಳುಮನೆಯಲ್ಲಿ ಮಾಡಿದ ರೆಕಾರ್ಡಿಂಗ್ ಪೂರ್ತಿ ಸೋತಿತು. ಮಳೆ ಇತ್ತು, ಆದರೆ ಅದರ ಮೇಲೆ ಇನ್ನೊಂದು ಮಳೆ ಸುರಿಯುತ್ತಿತ್ತು. ಅದು ಮೈಕಿನದೇ ಸುಯ್ಯಾಟ. ಇಂಥ ಬಟಾಣಿಯಷ್ಟು ಮೈಕ್ ಕ್ಯಾಪ್ಸೂಲ್‌ಗಳ ವಿವರಪಟ್ಟಿಯಲ್ಲಿ ಸದ್ದಿಗೂ ಗದ್ದಲಕ್ಕೂ ಇರುವ ಅಂತರವನ್ನು 60 ಡೆಸಿಬೆಲ್ ಎಂದು ಬರೆದಿರುತ್ತಾರೆ. ಓದಲು ದೊಡ್ಡ ಸಂಖ್ಯೆ. ಆದರೆ ಆ ಅಳತೆ ಹಿಡಿದಿರುವುದು 94 ಡೆಸಿಬೆಲ್‌ನ ಸದ್ದಿನಿಂದ ಕೆಳಕ್ಕೆ. 94ರಲ್ಲಿ 60 ಕಳೆದರೆ 34: ಅಂದರೆ ಸುತ್ತಲೂ ಸ್ಮಶಾನ ಮೌನವಿದ್ದರೂ ಮೈಕ್ ತನ್ನಷ್ಟಕ್ಕೆ 34 ಡೆಸಿಬೆಲ್ ಗುನುಗುತ್ತಿರುತ್ತದೆ. ಬಸ್ ನಿಲ್ದಾಣ, ತರಕಾರಿ ಮಾರುಕಟ್ಟೆ, ಜಾತ್ರೆ ಎಲ್ಲಕ್ಕೂ ಅದು ಸಾಕು. ಹುಳು ಮೇಯುವುದಕ್ಕೆ ಸಾಲದು.

ಆದರೆ ಆ ಸೋತ ಕಡತದಲ್ಲಿ ಒಂದು ಸೊಳ್ಳೆ ಸಿಕ್ಕಿತು. ಹುಳುಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಹೊಗೆ ತಾಗಿದರೆ ಹುಳು ಸಾಯುತ್ತದೆ. ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣಕ್ಕೆಂದು ಕಿಟಕಿಗೆಲ್ಲ ಬಲೆ ಬಡಿದಿದ್ದರೂ ಬಾಗಿಲು ತೆರೆದಾಗ ಸೊಳ್ಳೆ ನುಗ್ಗುತ್ತದೆ. ಏಳನೇ ನಿಮಿಷದಲ್ಲಿ ಅದು ಹಿಂದಲೆಯ ಕಡೆಯಿಂದ ಬಂದು, ಬಲಗಿವಿಯ ಅಂಚಿನಲ್ಲಿ ಒಂದು ಸುತ್ತು ಹಾಕಿ, ನೆತ್ತಿಯ ಮೇಲಿಂದ ಎಡಕ್ಕೆ ಹಾರಿ ಹೋಗುತ್ತದೆ. ಅಂಗಡಿಗೆ ಬಂದವರಿಗೆಲ್ಲ ಹೆಡ್‌ಫೋನ್ ಹಾಕಿ ಕೇಳಿಸಿದೆ. ಹತ್ತರಲ್ಲಿ ಎಂಟು ಜನ ತಮ್ಮ ಕಿವಿಗೆ ತಾವೇ ಹೊಡೆದುಕೊಂಡರು. ಒಬ್ಬ ಹಿರಿಯರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, “ಇದನ್ನು ದುಡ್ಡು ಕೊಟ್ಟು ಬೇರೆ ಮಾಡುತ್ತೀಯಾ?” ಎಂದು ಕೇಳಿದರು. ನನಗೆ ಮಾತ್ರ, ಎರಡು ಕಿವಿಯ ದಾರಿ ಸರಿಯಾಗಿದೆ, ಕ್ಯಾಪ್ಸೂಲ್ ಮಾತ್ರ ಬದಲಾಗಬೇಕು ಎಂದು ಆ ಸೊಳ್ಳೆಯಿಂದಲೇ ಖಾತ್ರಿಯಾದದ್ದು.

ಜಪಾನಿನ ಪ್ರೈಮೊ ಕಂಪನಿಯ ಇಎಂ172 ಎಂಬ ಕ್ಯಾಪ್ಸೂಲಿನ ಅಂತರ 80 ಡೆಸಿಬೆಲ್. 94ರಲ್ಲಿ 80 ಹೋದರೆ 14. ಪಕ್ಷಿಗಳ ಕೂಗು ಹಿಡಿಯುವವರು ಇದನ್ನು ಬಹಳ ನೆಚ್ಚಿಕೊಂಡಿದ್ದಾರೆ. ನಾಲ್ಕನ್ನು ತರಿಸಿದೆ. ಅಂಚೆ, ಸುಂಕ ಎಲ್ಲ ಸೇರಿ ಎಷ್ಟಾಯಿತೆಂದು ಮನೆಯಲ್ಲಿ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಕೈ ಪಳಗಲಿ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನ್ಯ ಮೈಕ್ ಕ್ಯಾಪ್ಸೂಲ್‌ಗಳನ್ನೂ ಹತ್ತು ತಂದುಕೊಂಡೆ. ಅವುಗಳಲ್ಲಿ ಮೂರನ್ನು ಸುಟ್ಟೆ. ಎಲೆಕ್ಟ್ರೆಟ್ ಎಂದರೆ ಒಳಗಿನ ತೆಳು ಹಾಳೆಯಲ್ಲಿ ಶಾಶ್ವತವಾಗಿ ಕೂಡಿಟ್ಟ ವಿದ್ಯುದಂಶ; ಕಾವು ಹೆಚ್ಚಾದರೆ ಅದು ಸೋರಿಹೋಗುತ್ತದೆ. ಮೊಬೈಲ್ ಬೋರ್ಡಿನ ಮೇಲೆ ಐರನ್ ಊರಿ ನಿಲ್ಲುವ ನನ್ನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ತುಂಡೊಂದಕ್ಕೆ 10 ಮಿಲಿಮೀಟರಿನ ತೂತು ಕೊರೆಸಿಕೊಂಡೆ, ಕ್ಯಾಪ್ಸೂಲನ್ನು ಅದರೊಳಗೆ ಕೂರಿಸಿದರೆ ಕಾವನ್ನು ಲೋಹ ಹೀರಿಕೊಳ್ಳುತ್ತದೆ. ಮೊದಲೇ ಸೋಲ್ಡರ್ ಬಳಿದ ತಂತಿ, ಎಣಿಸಿ ಎರಡೇ ಸೆಕೆಂಡು. ಹಿಂಬದಿಯ ಎರಡು ಗುಂಡಿಗಳಲ್ಲಿ ಹೊರಗಿನ ಡಬ್ಬಿಗೆ ತಾಗಿಕೊಂಡಿರುವುದು ಗ್ರೌಂಡ್ (ಕರೆಂಟು ಮರಳುವ ದಾರಿ), ಇನ್ನೊಂದು ಸಿಗ್ನಲ್. ಇದನ್ನು ಭೂತಗನ್ನಡಿಯಲ್ಲಿ ನೋಡಿ, ಮಲ್ಟಿಮೀಟರಿನಲ್ಲಿ ಇನ್ನೊಮ್ಮೆ ನೋಡಿ, ಆಮೇಲೆ ಕೈ ಹಾಕಬೇಕು.

ನಾಲ್ಕು ತರಿಸಿದ್ದಕ್ಕೆ ಕಾರಣವಿದೆ. ಒಂದೇ ಹೆಸರಿನ ಎರಡು ಕ್ಯಾಪ್ಸೂಲ್‌ಗಳು ಒಂದೇ ಸದ್ದಿಗೆ ಒಂದೇ ಅಳತೆಯ ಉತ್ತರ ಕೊಡುವುದಿಲ್ಲ. ಎಡಬಲಗಳಲ್ಲಿ ಒಂದು ತುಸು ಜೋರಾದರೂ ಇಡೀ ಕೋಣೆ ಆ ಕಡೆಗೆ ವಾಲುತ್ತದೆ. ನಾಲ್ಕನ್ನೂ ಒಂದು ರಟ್ಟಿಗೆ ಒತ್ತಾಗಿ ಸಿಕ್ಕಿಸಿ, ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಇಟ್ಟು, 1000 ಹರ್ಟ್ಜ್‌ನ ಒಂದೇ ಸ್ವರ ನುಡಿಸಿ, ಎರಡೆರಡಾಗಿ ಅಳೆದೆ. ಎರಡನೆಯದಕ್ಕೂ ನಾಲ್ಕನೆಯದಕ್ಕೂ 0.4 ಡೆಸಿಬೆಲ್ ವ್ಯತ್ಯಾಸ. ಆ ಜೋಡಿಯೇ ಆಯಿತು.

ಬುರುಡೆಗೆ ಕೂರಿಸುವುದು ಮುಜುಗರದ ಕೆಲಸ. ಹಳೆಯ ಮೈಕ್ ಜಾಲರಿಯ ಹಿಂದೆ ಅಡಗಿತ್ತು. ಹೊಸದು 10 ಮಿಲಿಮೀಟರ್ ಅಗಲ, ಒಳಗೆ ಹಿಡಿಸುವುದಿಲ್ಲ. ಜಾಲರಿಯನ್ನು ಕಿತ್ತು, ಮೇಲ್ಮೈಯನ್ನು ಅರದಿಂದ ಸಪಾಟು ಮಾಡಿ, ಕ್ಯಾಪ್ಸೂಲನ್ನು ಹೊರಗೆ ಕೂರಿಸಬೇಕು. ಆದರೆ ಅದು ಕಿವಿಯ ಬಟ್ಟಲಿನಿಂದ ಆಚೆ ಚಾಚಿಕೊಂಡರೆ ಮಡಿಕೆಗಳ ಬಣ್ಣ ಸಿಗುವುದಿಲ್ಲ. ಎಡಗಿವಿಯಲ್ಲಿ ಚೆನ್ನಾಗಿ ಅಡಗಿತು. ಬಲಗಿವಿಯಲ್ಲಿ ಒಂದು ಕೂದಲಿನಷ್ಟು ಹೊರಗಿದೆ, ನನ್ನ ಎರಡು ಕಿವಿಗಳೇ ಒಂದು ಅಚ್ಚಿನವಲ್ಲ. ಬುರುಡೆಯೊಳಗಿನ ಸ್ಪೀಕರಿನ ಅದುರು ಮೈಕಿಗೆ ಹತ್ತದಂತೆ ನಡುವೆ ಸೈಕಲ್ ಟ್ಯೂಬಿನ ಬಿಲ್ಲೆಯನ್ನಿಟ್ಟು, ಸುತ್ತಲೂ ಎಂ-ಸೀಲ್ ಮೆತ್ತಿದೆ. ಅದು ತಾಗದಂತೆ ಕ್ಯಾಪ್ಸೂಲಿನ ಮುಂದಿನ ಕಪ್ಪು ಬಟ್ಟೆಗೆ ಮೊದಲೇ ಟೇಪ್ ಅಂಟಿಸಿದ್ದೆ.

ಹಳೆಯ ತಂತಿಗೇ ಜೋಡಿಸಿ, ಎರಡೂ ಪಿನ್‌ಗಳನ್ನು ರೆಕಾರ್ಡರಿಗೆ ಚುಚ್ಚಿ, ಗೇನ್ (ಸದ್ದು ಹಿಗ್ಗಿಸುವ ಪ್ರಮಾಣ) ಏರಿಸಿದೆ. ಕುಯ್ಯೋ ಎಂದು ಕಿರುಚಿತು. ಕಿವಿಯಿಂದ ಕಿತ್ತೆಸೆದೆ.

ಮೊದಲ ಅನುಮಾನ ಎಲ್ಲರಿಗೂ ಬರುವಂಥದ್ದೇ: ಕಿವಿಯೊಳಗಿನ ಸ್ಪೀಕರಿನ ಸದ್ದು ಹೊರಗೆ ಸೋರಿ ಮೈಕಿಗೆ ತಲುಪುತ್ತಿದೆ. ಮದುವೆ ಛತ್ರದ ಮೈಕ್ ಕೂಗುವುದು ಹಾಗೆ. ಸಿಲಿಕಾನ್ ತುದಿ ತೆಗೆದು ಉಬ್ಬುವ ಫೋಮ್ ತುದಿ ಹಾಕಿದೆ. ಕೂಗಿತು. ಸ್ಪೀಕರಿನ ಮೂತಿಯನ್ನೇ ಎಂ-ಸೀಲಿನಿಂದ ಮುಚ್ಚಿದೆ. ಕೂಗಿತು. ಎರಡು ದಿನ ಅಂಗಡಿಯ ಕೆಲಸ ಬಿಟ್ಟು ಇದೇ ಆಯಿತು. ಕೊನೆಗೆ ಸಿಟ್ಟಿನಲ್ಲಿ ಎರಡೂ ಸ್ಪೀಕರ್‌ಗಳನ್ನು ಕಿತ್ತು, ಅವುಗಳ ಜಾಗದಲ್ಲಿ 15 ಓಮ್‌ನ ಎರಡು ರೆಸಿಸ್ಟರ್‌ಗಳನ್ನು ಹಾಕಿದೆ. ರೆಸಿಸ್ಟರ್ ಹಾಡುವುದಿಲ್ಲ. ಆದರೂ ರೆಕಾರ್ಡರಿನ ಮೀಟರಿನ ಪಟ್ಟಿ ತುದಿ ಮುಟ್ಟಿ ಅಲ್ಲೇ ನಿಂತಿತು. ಸದ್ದೇ ಇಲ್ಲದೆ ಕೂಗುತ್ತಿತ್ತು! ಗಾಳಿಯಲ್ಲಿ ತಪ್ಪಿಲ್ಲ, ತಂತಿಯಲ್ಲಿದೆ ಎಂದಾಯಿತು.

ಈ ಸೆಟ್ಟಿನಲ್ಲಿ ಕಿವಿಯಿಂದ ಕವಲಿನವರೆಗೆ ಸ್ಪೀಕರಿಗೂ ಮೈಕಿಗೂ ಗ್ರೌಂಡ್ ತಂತಿ ಒಂದೇ. ಅದನ್ನು ಅಳೆದರೆ ಅರ್ಧ ಓಮ್ ಬಂತು, ಅದರಲ್ಲಿ 0.2 ನನ್ನ ಆ ‘ಒಂದು ಸಂಜೆಯ’ ಜೋಡಣೆಯದು. ಅರ್ಧ ಓಮ್ ಎಂದರೆ ಏನು ಮಹಾ ಎನ್ನಿಸುತ್ತದೆ. ಲೆಕ್ಕ ಹಾಕಿ: ಕೇಳಲು 10 ಮಿಲಿವೋಲ್ಟ್ ಬಿಟ್ಟರೆ 16 ಓಮ್‌ನ ಸ್ಪೀಕರಿನಲ್ಲಿ 0.6 ಮಿಲಿಆಂಪಿಯರ್ ಹರಿಯುತ್ತದೆ. ಅದು ಆ ಅರ್ಧ ಓಮ್ ದಾಟುವಾಗ 0.3 ಮಿಲಿವೋಲ್ಟ್ ಬಿಟ್ಟುಹೋಗುತ್ತದೆ. ಮೈಕ್ ತನ್ನ ಸಿಗ್ನಲನ್ನು ಅಳೆಯುವುದು ಅದೇ ಗ್ರೌಂಡಿನಿಂದ. ಇಎಂ172 ಕೊಡುವುದು 94 ಡೆಸಿಬೆಲ್‌ಗೆ ಸುಮಾರು 40 ಮಿಲಿವೋಲ್ಟ್. 34 ಡೆಸಿಬೆಲ್‌ನ ಪಿಸುಸದ್ದಿಗೆ ಅದರ ಸಾವಿರದಲ್ಲೊಂದು ಪಾಲು, 0.04 ಮಿಲಿವೋಲ್ಟ್. ಸೋರಿಕೆ ಸಿಗ್ನಲಿನ ಏಳು ಪಟ್ಟು! ಅದು ಮತ್ತೆ ಹಿಗ್ಗಿ, ಮತ್ತೆ ಸೋರಿ, ಸುತ್ತು ಹೊಡೆಯುತ್ತದೆ. ಹಳೆಯ ಕ್ಯಾಪ್ಸೂಲಿನಲ್ಲಿ ಗೇನ್ ಏರಿಸಿದಾಗ ಬರೀ ಸುಯ್ ಕೇಳಿ ಬೇಸತ್ತು ಇಳಿಸುತ್ತಿದ್ದುದರಿಂದ ಈ ಮಾರಿ ಹೊರಬಿದ್ದಿರಲಿಲ್ಲ.

ಮದ್ದು ಸರಳ. ಮೈಕ್‌ಗಳಿಗೆ ಬೇರೆಯೇ ತೆಳು ಶೀಲ್ಡ್ ವೈರ್ ಎಳೆದೆ, ಕಿವಿಯಿಂದ ಪಿನ್ನಿನವರೆಗೆ. ಎರಡು ಗ್ರೌಂಡ್‌ಗಳು ಈಗ ರೆಕಾರ್ಡರಿನ ಒಳಗಲ್ಲದೆ ಬೇರೆಲ್ಲೂ ಕೂಡುವುದಿಲ್ಲ. ಸ್ಪೀಕರ್‌ಗಳನ್ನು ಮತ್ತೆ ಹಾಕಿದೆ, ಮೂತಿಯ ಎಂ-ಸೀಲನ್ನು ಸೂಜಿಯಿಂದ ಕೆರೆದು ತೆಗೆಯಲು ಒಂದು ಭಾನುವಾರ ಹೋಯಿತು. ಕೂಗು ನಿಂತಿತು. ಟ್ಯೂಬ್‌ಲೈಟಿನಿಂದ ಬರುತ್ತಿದ್ದ ಗುಂಯ್‌ಗುಡುವಿಕೆಯೂ ಶೀಲ್ಡಿನಿಂದಾಗಿ ಕರಗಿತು, ಅದು ಕೇಳದೆ ಸಿಕ್ಕ ಲಾಭ. ತಂತಿ ಮಾತ್ರ ಬಿರುಸು. ಅಂಗಿಗೆ ಉಜ್ಜಿದರೆ ಗರಗರ ಎನ್ನುತ್ತದೆ. ಕತ್ತಿನ ಹಿಂದೆ ಬಟ್ಟೆಯ ಕ್ಲಿಪ್ ಹಾಕಿ, ಬನಿಯನ್ನಿನಲ್ಲಿ ನಿಲ್ಲುವುದು ಸದ್ಯದ ಉಪಾಯ.

ಇಷ್ಟರಲ್ಲಿ ಚಿಕ್ಕಪ್ಪನ ಮುಂದಿನ ಬೆಳೆ ನಾಲ್ಕನೇ ಜ್ವರಕ್ಕೆ ಕೂತಿತ್ತು. ಹುಳು ಬದುಕಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ತಿನ್ನುವುದು ಈ ಜ್ವರ ಎದ್ದ ಮೇಲಿನ ಏಳು ದಿನಗಳಲ್ಲಿ. ಆಮೇಲೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಹೋಗುತ್ತದೆ, ಸದ್ದು ಮುಗಿಯುತ್ತದೆ. ಜ್ವರದ ರಾತ್ರಿಯೂ ಒಮ್ಮೆ ಹೋಗಿ ನಿಂತೆ. ಸುಣ್ಣ ಎರಚಿದ ಬೆಡ್ಡಿನ ಮೇಲೆ ಅಷ್ಟೂ ಹುಳುಗಳು ತಲೆಯೆತ್ತಿ ನಿಶ್ಚಲವಾಗಿದ್ದವು. ಆ ಮೌನವನ್ನೂ ಹತ್ತು ನಿಮಿಷ ಹಿಡಿದೆ. ಮೈಕಿನ ಸುಯ್ ಎಷ್ಟಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಕೋಣೆ ನಮ್ಮೂರಲ್ಲಿಲ್ಲ.

ಮೇಯುವ ಸದ್ದಿನ ರೆಕಾರ್ಡಿಂಗ್ ಆದದ್ದು ಐದನೇ ದಿನ, ರಾತ್ರಿ ಹತ್ತರ ಸೊಪ್ಪು ಹಾಕಿದ ಮೇಲೆ. ಕೈಕಾಲು ತೊಳೆದು, ಚಪ್ಪಲಿ ಹೊರಗೆ ಬಿಟ್ಟು, ಫ್ಯಾನ್ ಆರಿಸಿ, ಎರಡು ಸ್ಟ್ಯಾಂಡುಗಳ ನಡುವಿನ ಓಣಿಯಲ್ಲಿ ನಿಂತೆ. ತಲೆ ತಿರುಗಿಸುವಂತಿಲ್ಲ, ತಿರುಗಿಸಿದರೆ ಕೇಳುವವರ ಇಡೀ ಮನೆಯೇ ತಿರುಗುತ್ತದೆ. ಎಂಜಲು ನುಂಗಿದರೆ ಬಾವಿಗೆ ಕಲ್ಲು ಬಿದ್ದಂತೆ ದಾಖಲಾಗುತ್ತದೆ. ಚಿಕ್ಕಮ್ಮ ಬಲವಂತದಿಂದ ಇಕ್ಕಿದ ಎರಡನೇ ಮುದ್ದೆ ಒಂಬತ್ತನೇ ನಿಮಿಷದಲ್ಲಿ ಮಾತಾಡಿದ್ದು ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ಬಿಟ್ಟರೆ ಸೋನೆ. ಎಡಗಡೆಯ ಸ್ಟ್ಯಾಂಡಿನ ಕೆಳಹಂತದಲ್ಲಿ ದಟ್ಟ, ಬಲಗಡೆ ತೆಳು, ಅಲ್ಲೊಂದು ಇಲ್ಲೊಂದು ಕಡ್ಡಿ ಸರಿಯುವ ಚಿಟಿಕೆ. ಮೇಲಿನ ಹಂತದಿಂದ ಹಿಕ್ಕೆ ಉದುರಿ ಕಾಗದದ ಮೇಲೆ ಬೀಳುವುದು ಕೂಡ ಕೇಳುತ್ತದೆ, ಅದು ಎಲ್ಲಿ ಬಿತ್ತೆಂದು ಬೆರಳು ಮಾಡಿ ತೋರಿಸಬಹುದು.

ಮರುದಿನ ಚಿಕ್ಕಪ್ಪನಿಗೆ ಕೇಳಿಸಿದೆ. ನಾಲ್ಕೈದು ನಿಮಿಷ ಕಣ್ಣು ಮುಚ್ಚಿ ಕೂತವರು, “ಎಡಗಡೆ ಕೆಳಗಡೆಯ ಬೆಡ್ಡಿನಲ್ಲಿ ಸೊಪ್ಪು ಚೆನ್ನಾಗಿ ಹಿಡಿದಿದೆ. ಬಲಗಡೆಯದು ಯಾಕಪ್ಪಾ ಮಂದವಾಗಿದೆ?” ಎಂದರು. ಎದ್ದು ಹೋಗಿ ನೋಡಿದರೆ ಬಲಗಡೆಗೆ ಹಿಂದಿನ ದಿನ ಬಾಡಿದ ಸೊಪ್ಪು ಬಿದ್ದಿತ್ತಂತೆ. ಚಿಕ್ಕಮ್ಮನಿಗೆ ಮಾತ್ರ ಎಲ್ಲವೂ ಬೆನ್ನ ಹಿಂದಿನಿಂದ ಕೇಳಿತು. ಎರಡು ಸಲ ಹಿಂತಿರುಗಿ ನೋಡಿ, “ನನ್ನ ಹಿಂದೆ ಯಾರು ಸೊಪ್ಪು ಹಾಕುತ್ತಿದ್ದಾರೆ?” ಎಂದು ಕೇಳಿದರು. ಅದು ಮೈಕಿನ ದೋಷವಲ್ಲ. ರೆಕಾರ್ಡ್ ಆದದ್ದು ನನ್ನ ಕಿವಿಯ ಮಡಿಕೆಗಳ ಬಣ್ಣದಲ್ಲಿ. ಅವರ ಮಿದುಳಿಗೆ ಅವರದೇ ಕಿವಿಯ ಬಣ್ಣದ ರೂಢಿ. ಎಡಬಲ ಎಲ್ಲರಿಗೂ ಸರಿಯಾಗಿ ಸಿಗುತ್ತದೆ, ಹಿಂದುಮುಂದು ಮಾತ್ರ ಹೀಗೆ ಅದಲುಬದಲಾಗುತ್ತದೆ.

ಕಡತ 21 ನಿಮಿಷದ್ದು. ಹದಿನಾಲ್ಕನೇ ನಿಮಿಷದಲ್ಲಿ ಪಕ್ಕದ ತೋಟಕ್ಕೆ ತ್ರೀ ಫೇಸ್ ಕರೆಂಟು ಬಂದು ಬೋರ್‌ವೆಲ್ ಮೋಟಾರು ಶುರುವಾಗುತ್ತದೆ, ಅಲ್ಲಿಂದ ಮುಂದಿನದು ಕೆಲಸಕ್ಕೆ ಬಾರದು. ಬಲಗಡೆಯ ಫೋಮ್ ತುದಿ ಈಗಲೇ ಹರಿಯುತ್ತಿದೆ, ಶೀಲ್ಡ್ ವೈರಿಗೆ ಬದಲು ಮೆತ್ತನೆಯದೊಂದನ್ನು ಹುಡುಕಬೇಕು. ಮರಿ ಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಮುಂದಿನ ಹುಳು ಬರುವುದು ಇಪ್ಪತ್ತನೇ ತಾರೀಖಿಗೆ. ಅಲ್ಲಿಂದ ನಾಲ್ಕನೇ ಜ್ವರ ಏಳುವವರೆಗೆ ನನಗೆ ಹತ್ತು ದಿನಗಳಿವೆ. ಗೆಳೆಯನಿಗೆ ಆ ವಾರದಲ್ಲಿ ಮೂರು ಮದುವೆಗಳಿವೆಯಂತೆ.